ಒಡೆಯುವ ಸಾಮಾನು ದೂರದೂರಿಗೆ: ಲಾರಿ ಆಫೀಸು, ರೈಲು, ಬಸ್ಸು, ವಿಮಾನ, ಯಾವುದು ಗಿಟ್ಟುತ್ತದೆ?

ಗಾಜು ಹಾಕಿಸಿದ ನಾಲ್ಕಡಿ ಮೈಸೂರು ಶೈಲಿಯ ಚಿತ್ರ, ಆಳೆತ್ತರದ ಕನ್ನಡಿ, ವೀಣೆ, ಪಾಟರಿ ಟೌನಿನಿಂದ ತಂದ ದೊಡ್ಡ ಮಣ್ಣಿನ ಹೂಜಿ. ಇಂಥದ್ದನ್ನು ಬೆಂಗಳೂರಿನಿಂದ ದೆಹಲಿಗೋ ಕೋಲ್ಕತ್ತಕ್ಕೋ ಕಳಿಸಲು ಹೊರಟವರು ಎಲ್ಲ ಕಡೆ ಮೊದಲು ಕೇಳುವುದು "ಕೆ.ಜಿ.ಗೆ ಎಷ್ಟು?" ಅಂತ. ಅದಕ್ಕೂ ಮುಂಚೆ ಕೇಳಬೇಕಾದ್ದು ಒಂದಿದೆ: ನನ್ನ ಪೆಟ್ಟಿಗೆಯನ್ನು ದಾರಿಯಲ್ಲಿ ಎಷ್ಟು ಸಲ ಎತ್ತಿ ಇಳಿಸುತ್ತೀರಿ? ಸರಿಯಾಗಿ ಪ್ಯಾಕ್ ಮಾಡಿದ ಗಾಜು ಹೆದ್ದಾರಿಯ ಕುಲುಕಾಟಕ್ಕೆ ಒಡೆಯುವುದು ಅಪರೂಪ. ಗೋಡೌನಿನ ಕಟ್ಟೆಯಿಂದ ಲಾರಿಗೆ, ಲಾರಿಯಿಂದ ನೆಲಕ್ಕೆ ಹೋಗುವಾಗ, ಇಲ್ಲವೇ ಮೇಲೆ ಇನ್ನೊಂದು ಮೂಟೆ ಬಿದ್ದಾಗ ಒಡೆಯುತ್ತದೆ. ಈ ವಿಮರ್ಶೆಯಲ್ಲಿ ಪ್ರತಿಯೊಂದು ಸೇವೆಯನ್ನೂ ಅದೇ ಲೆಕ್ಕದಲ್ಲಿ ತೂಗಲಾಗಿದೆ.

ಎಲ್ಲಕ್ಕಿಂತ ಹೆಚ್ಚು ಜನ ಹೋಗುವುದು ಲಾರಿ ಆಫೀಸಿಗೆ, ಅಂದರೆ ಹಲವರ ಮಾಲು ಒಂದೇ ಲಾರಿಯಲ್ಲಿ ಹೋಗುವ ಪಾರ್ಟ್ ಲೋಡಿಗೆ. ಕಲಾಸಿಪಾಳ್ಯ, ನ್ಯೂ ತರಗುಪೇಟೆ, ಯಶವಂತಪುರದ ಸುತ್ತ ದೇಶದ ಯಾವ ಮೂಲೆಗಾದರೂ ಬುಕಿಂಗ್ ಸಿಗುತ್ತದೆ. ಕೌಂಟರಿನಲ್ಲಿ ಹೇಳುವ ದರ ಆಕರ್ಷಕವೇ. ಆದರೆ ಪೆಟ್ಟಿಗೆ ಬುಕಿಂಗ್ ಆಫೀಸಿನಲ್ಲಿ ಒಮ್ಮೆ ಲೋಡ್ ಆಗಿ, ತುಮಕೂರು ರಸ್ತೆಯ ಕಡೆಯ ದೊಡ್ಡ ಗೋಡೌನಿನಲ್ಲಿ ಇಳಿದು, ಅಲ್ಲಿ ದೂರದೂರಿನ ಲೈನ್ ಲಾರಿಗೆ ಹತ್ತಿ, ಹೋದ ಊರಿನ ಗೋಡೌನಿನಲ್ಲಿ ಮತ್ತೆ ಇಳಿದು, ಸಣ್ಣ ಗಾಡಿ ಹತ್ತಿ ಬ್ರಾಂಚಿಗೆ ಬರುವಷ್ಟರಲ್ಲಿ ಆರು ಸಲ ಕೈ ಬದಲಾಗಿರುತ್ತದೆ. ಮನೆ ಬಾಗಿಲಿಗೇ ಬೇಕೆಂದರೆ ಎಂಟು. ಹಾಗಾಗಿ ರಟ್ಟಿನ ಡಬ್ಬದಲ್ಲಿ ಗಾಜು ತುಂಬಿ ಪಾರ್ಟ್ ಲೋಡಿಗೆ ಹಾಕುವುದು ಬೇಡವೇ ಬೇಡ. ಮರದ ಕ್ರೇಟ್ ಮಾಡಿಸಿದರೆ ಮಾತ್ರ ಇದು ಒಳ್ಳೆಯ ಆಯ್ಕೆ.

ದರದಲ್ಲೂ ಒಂದು ಒಳಮರ್ಮವಿದೆ. ಹಗುರಾದ ದೊಡ್ಡ ಸಾಮಾನಿಗೆ ತೂಕದ ಮೇಲೆ ಅಲ್ಲ, ಅಳತೆಯ ಮೇಲೆ ಬಾಡಿಗೆ ಹಾಕುತ್ತಾರೆ. ಒಂದು ಘನ ಅಡಿಗೆ ಇಷ್ಟು ಕೆ.ಜಿ. ಎಂದು ಲೆಕ್ಕ, ಒಂದು ಕಂಪನಿ 6 ಎಂದರೆ ಇನ್ನೊಂದು 10 ಎನ್ನುತ್ತದೆ. ಮೇಲೆ ಹೇಳಿದ ಚಿತ್ರದ ಕ್ರೇಟ್ ಹೊರ ಅಳತೆಯಲ್ಲಿ 137 × 107 × 23 ಸೆಂ.ಮೀ. ಎಂದಿಟ್ಟುಕೊಳ್ಳಿ. ಅದು ಸುಮಾರು 11.9 ಘನ ಅಡಿ. ತಕ್ಕಡಿಯ ಮೇಲೆ 45 ಕೆ.ಜಿ. ಬಂದರೂ ಬಿಲ್ಲಿನಲ್ಲಿ ಒಂದು ಕಡೆ 71 ಕೆ.ಜಿ., ಇನ್ನೊಂದು ಕಡೆ 119 ಕೆ.ಜಿ. ಕೆ.ಜಿ.ಗೆ 12 ರೂಪಾಯಿ ಎಂದು ಇಬ್ಬರೂ ಹೇಳಿದರೂ ಒಬ್ಬರ ಹತ್ತಿರ 852 ರೂಪಾಯಿ, ಇನ್ನೊಬ್ಬರ ಹತ್ತಿರ 1,428. ಆದ್ದರಿಂದ "ಸಿಎಫ್‌ಟಿಗೆ (ಘನ ಅಡಿಗೆ) ಎಷ್ಟು ಕೆ.ಜಿ. ಹಿಡಿಯುತ್ತೀರಿ?" ಎಂದು ಕೇಳದೆ ದರ ಹೋಲಿಸಬೇಡಿ. ಆಮೇಲೆ ಡಾಕೆಟ್ ಚಾರ್ಜ್ (ಬುಕಿಂಗ್ ರಸೀದಿಯ ಶುಲ್ಕ), ಎರಡೂ ತುದಿಯ ಹಮಾಲಿ, ಡೀಸೆಲ್ ಸರ್‌ಚಾರ್ಜ್, ಡೋರ್ ಡೆಲಿವರಿ, ಜಿಎಸ್‌ಟಿ ಎಲ್ಲ ಸೇರಿ ಕೊನೆಗೆ ಎಷ್ಟಾಗುತ್ತದೆ ಎಂದು ಬರೆಸಿಕೊಳ್ಳಿ. ಟು-ಪೇ, ಅಂದರೆ ಮಾಲು ಪಡೆಯುವವರೇ ಬಾಡಿಗೆ ಕೊಡುವಂತೆ, ಮಾಡಿದರೆ ಈ ಬಾಬತ್ತುಗಳು ಆ ಕಡೆಯವರ ತಲೆಗೆ ಬರುತ್ತವೆ, ಚೌಕಾಸಿಗೂ ಅಲ್ಲಿ ಅವಕಾಶವಿರುವುದಿಲ್ಲ. ಬ್ರಾಂಚಿಗೆ ಬಂದ ಮಾಲನ್ನು ಬೇಗ ಬಿಡಿಸಿಕೊಳ್ಳದಿದ್ದರೆ ಗೋಡೌನ್ ಬಾಡಿಗೆಯೂ ಶುರು.

ಎಲ್‌ಆರ್ (ಲಾರಿ ರಸೀದಿ) ಮೇಲೆ ಸಣ್ಣಕ್ಷರದಲ್ಲಿ "ಓನರ್ಸ್ ರಿಸ್ಕ್", ಅಂದರೆ ನಷ್ಟವಾದರೆ ಮಾಲೀಕರದೇ ಹೊಣೆ, ಎಂದಿರುವುದನ್ನು ಓದದೆ ಸಹಿ ಹಾಕುವವರೇ ಹೆಚ್ಚು. 2007ರ ರಸ್ತೆ ಸಾಗಣೆ ಕಾಯ್ದೆ ಮತ್ತು 2011ರ ನಿಯಮಗಳ ಪ್ರಕಾರ, ಹೆಚ್ಚಿನ ಬೆಲೆ ಘೋಷಿಸಿ ಅದಕ್ಕೆ ಹೆಚ್ಚುವರಿ ಶುಲ್ಕ ಕಟ್ಟದಿದ್ದರೆ ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. 1,428 ರೂಪಾಯಿ ಬಾಡಿಗೆ ಕೊಟ್ಟು 60,000 ರೂಪಾಯಿಯ ಚಿತ್ರ ಕಳಿಸಿದರೆ ಗರಿಷ್ಠ 14,280. ನಷ್ಟದ ಲಿಖಿತ ನೋಟಿಸನ್ನು ಬುಕಿಂಗ್ ಆದ ದಿನದಿಂದ 180 ದಿನದೊಳಗೆ ಕೊಟ್ಟಿರಬೇಕು. ಬೇರೆಯಾಗಿ ಟ್ರಾನ್ಸಿಟ್ ಇನ್ಶೂರೆನ್ಸ್ (ಸಾಗಣೆ ವಿಮೆ) ಮಾಡಿಸುವುದಾದರೆ "ಐಟಿಸಿ-ಎ" (ಇನ್‌ಲ್ಯಾಂಡ್ ಟ್ರಾನ್ಸಿಟ್ ಕ್ಲಾಸ್ ಎ) ಕೇಳಿ. "ಬಿ"ಯಲ್ಲಿ ಬೆಂಕಿ, ಅಪಘಾತ, ಗಾಡಿ ಮಗುಚುವುದು ಇಂಥವಕ್ಕೆ ಮಾತ್ರ ರಕ್ಷಣೆ. ಕೈತಪ್ಪಿ ಬಿದ್ದ ಕನ್ನಡಿಗೆ ಅದರಲ್ಲಿ ಕಾಸು ಹುಟ್ಟುವುದಿಲ್ಲ. "ಎ"ಯಲ್ಲೂ ಪ್ಯಾಕಿಂಗ್ ಸಾಲದು ಎಂದು ಸಾಬೀತಾದರೆ ಕ್ಲೇಮ್ ಹೋಯಿತು. ಅದಕ್ಕೇ ಪ್ಯಾಕ್ ಮಾಡುವಾಗಿನ ಫೋಟೊ ಪದರ ಪದರವಾಗಿ ತೆಗೆದಿಡಬೇಕು. 50,000 ರೂಪಾಯಿ ಮೀರಿದ ಹೊಸ ಸಾಮಾನು ರಾಜ್ಯ ದಾಟುವುದಾದರೆ ಇ-ವೇ ಬಿಲ್ (ಜಿಎಸ್‌ಟಿಯ ಆನ್‌ಲೈನ್ ಸಾಗಣೆ ಚೀಟಿ) ಬೇಕು. ಬಳಸಿದ ಮನೆಸಾಮಾನಿಗೆ ವಿನಾಯಿತಿ ಇದೆ. ಬಳಸಿದ್ದು ಎಂದು ಎಲ್‌ಆರ್ ಮೇಲೆ ಬರೆಸಿ.

ರೈಲ್ವೆ ಪಾರ್ಸೆಲಿನಲ್ಲಿ ಸಾಮಾನು ಒಡೆದೇ ಬರುತ್ತದೆ ಎಂಬ ಹೆದರಿಕೆ ಅರ್ಧ ನಿಜ. ಹೊರಡುವ ನಿಲ್ದಾಣದಿಂದ ಕೊನೆಯ ನಿಲ್ದಾಣಕ್ಕೆ ನೇರವಾಗಿ ಹೋಗುವ ರೈಲಾದರೆ ಲೋಡಿಂಗ್ ಒಮ್ಮೆ, ಅನ್‌ಲೋಡಿಂಗ್ ಒಮ್ಮೆ. ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್, ಮುಂಬೈಗೆ ಉದ್ಯಾನ್ ಎಕ್ಸ್‌ಪ್ರೆಸ್ ಈ ಬಗೆಯವು, ಎರಡೂ ಮೆಜೆಸ್ಟಿಕ್ಕಿನ ಕೆಎಸ್‌ಆರ್ ನಿಲ್ದಾಣದಿಂದಲೇ ಹೊರಡುತ್ತವೆ. ಎರಡು ನಿಮಿಷ ನಿಲ್ಲುವ ನಡುವಿನ ಊರಿಗೆ ಹಾಕಿದಿರೋ, ಆ ಎರಡು ನಿಮಿಷದಲ್ಲಿ ಪೆಟ್ಟಿಗೆಯನ್ನು ಇಳಿಸುವುದಿಲ್ಲ, ಬಿಸಾಡುತ್ತಾರೆ. ಇಳಿಸಲಾಗದಿದ್ದರೆ ಅದು ಮುಂದಿನ ಊರಿಗೆ ಹೋಗಿ ಸುತ್ತಿ ಬರುತ್ತದೆ. ಬೆಲೆ ಘೋಷಿಸದಿದ್ದರೆ ರೈಲ್ವೆಯ ಹೊಣೆ ಕೆ.ಜಿ.ಗೆ 50 ರೂಪಾಯಿ ಮಾತ್ರ: ನಮ್ಮ 45 ಕೆ.ಜಿ. ಕ್ರೇಟಿಗೆ 2,250. ಫಾರ್ಮಿನಲ್ಲಿ ಬೆಲೆ ಬರೆದು, ಆ ಬೆಲೆಯ ಮೇಲೆ ಹಾಕುವ ಪರ್ಸೆಂಟೇಜ್ ಚಾರ್ಜ್ ಕಟ್ಟಿ. ಪ್ಲಾಟ್‌ಫಾರ್ಮಿನಲ್ಲಿ ತಳ್ಳುಗಾಡಿಯ ಮೇಲೆ ಬೈಕು, ಮೀನಿನ ಡಬ್ಬಗಳ ಪಕ್ಕದಲ್ಲೇ ಇದೂ ಕಾಯುತ್ತಿರುತ್ತದೆ, ಆದ್ದರಿಂದ ಒಳಗೆ ಪ್ಲಾಸ್ಟಿಕ್ ಹೊದಿಕೆ ಕಡ್ಡಾಯ. ಸಂಜೆ ಮಳೆಯ ತಿಂಗಳುಗಳಲ್ಲಂತೂ ಎರಡು ಪದರ.

ಕರ್ನಾಟಕದೊಳಗೆ ಮತ್ತು ಅಕ್ಕಪಕ್ಕದ ರಾಜ್ಯಗಳಿಗಾದರೆ ಬಸ್ಸೇ ಮೇಲು. ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೊ 2021ರಲ್ಲಿ ಶುರುವಾದದ್ದು. ಖಾಸಗಿ ಬಸ್ಸುಗಳ ಪಾರ್ಸೆಲ್ ಕೌಂಟರುಗಳೂ ಬೇಕಾದಷ್ಟಿವೆ. ರಾತ್ರಿ ಹತ್ತಿದ್ದು ಬೆಳಿಗ್ಗೆ ಇಳಿಯುತ್ತದೆ, ಮಧ್ಯೆ ಯಾರೂ ಮುಟ್ಟುವುದಿಲ್ಲ. ತೊಂದರೆ ಇರುವುದು ಡಿಕ್ಕಿಯ ಎತ್ತರದಲ್ಲಿ. ನಿಲ್ಲಿಸಿಕೊಂಡೇ ಹೋಗಬೇಕಾದ ಮೂರೂವರೆ ಅಡಿ ಪೆಟ್ಟಿಗೆ ಅಲ್ಲಿ ಮಲಗಬೇಕಾಗುತ್ತದೆ, ಮಲಗಿದ್ದರ ಮೇಲೆ ಪ್ರಯಾಣಿಕರ ಸೂಟ್‌ಕೇಸು ಬರುತ್ತದೆ. ಹೂಜಿ, ಗೋಡೆ ಗಡಿಯಾರ, ವೀಣೆಗೆ ಬಸ್ಸು, ಕನ್ನಡಿಗೆ ಬೇಡ.

ವಿಮಾನವನ್ನು ದುಬಾರಿ ಎಂದು ಕೇಳದೇ ಬಿಡಬೇಡಿ. ಅಲ್ಲಿ ಘನ ಸೆಂ.ಮೀ.ಯನ್ನು 5,000ದಿಂದ ಭಾಗಿಸುತ್ತಾರೆ, ಕೆಲವರು 6,000ದಿಂದ. ನಮ್ಮ ಕ್ರೇಟ್ 5,000ದ ಲೆಕ್ಕದಲ್ಲಿ 67 ಕೆ.ಜಿ., ಅಂದರೆ ಘನ ಅಡಿಗೆ 10 ಕೆ.ಜಿ. ಹಿಡಿಯುವ ಲಾರಿ ಆಫೀಸಿನ 119ಕ್ಕಿಂತ ಎಷ್ಟೋ ಕಡಿಮೆ. ಕೆ.ಜಿ. ದರ ಹೆಚ್ಚಿದ್ದರೂ ಅಂತರ ಅಂದುಕೊಂಡಷ್ಟು ಇರುವುದಿಲ್ಲ. ಏರ್‌ಬಸ್ ಎ320ರ ಸರಕಿನ ಬಾಗಿಲು ಸುಮಾರು 1.2 ಮೀಟರ್ ಎತ್ತರ; ನಿಲ್ಲಿಸಿದ ಕ್ರೇಟ್ ಅದಕ್ಕಿಂತ ಎತ್ತರವಾದರೆ ಮಲಗಿಸಿಯೇ ತೂರಿಸುತ್ತಾರೆ. ಸ್ಪೀಡ್ ಪೋಸ್ಟ್ 35 ಕೆ.ಜಿ.ಗೆ ನಿಲ್ಲುವುದರಿಂದ ಈ ಗಾತ್ರಕ್ಕೆ ಆಗದ ಮಾತು.

ಎರಡು ಮೂರು ದೊಡ್ಡ ಸಾಮಾನಿದ್ದು, ಊರು ಚೆನ್ನೈ ಅಥವಾ ಹೈದರಾಬಾದ್ ಆದರೆ ಒಂದು ಪಿಕಪ್ ಪೂರ್ತಿ ಹಿಡಿಯುವುದು ಲೇಸು: ಮನೆಯಲ್ಲಿ ಹತ್ತಿ ಮನೆಯಲ್ಲಿ ಇಳಿಯುತ್ತದೆ. ಆ ಊರಿನ ನೋಂದಣಿಯ ಗಾಡಿ ಖಾಲಿ ವಾಪಸಾಗುತ್ತಿದ್ದರೆ ಬಾಡಿಗೆ ಇನ್ನೂ ಇಳಿಯುತ್ತದೆ. ಅಂಥ ರಿಟರ್ನ್ ಗಾಡಿಗೆ ಒಂದೆರಡು ದಿನ ಕಾಯುವ ತಾಳ್ಮೆ ಬೇಕು ಅಷ್ಟೆ.

ಇನ್ನು ಪ್ಯಾಕಿಂಗ್. ದುಡ್ಡು ಉಳಿಯುವುದೂ ಹೋಗುವುದೂ ಇಲ್ಲೇ. ಚಿತ್ರಕ್ಕೆ ಮೊದಲ ಕೆಲಸ, ಗಾಜನ್ನು ತೆಗೆಸುವುದು. ಗಾಜು ಆ ಊರಲ್ಲೂ ಸಿಗುತ್ತದೆ. 4 ಮಿ.ಮೀ. ಗಾಜು ಈ ಅಳತೆಗೆ ಹತ್ತಿರ ಹತ್ತಿರ 11 ಕೆ.ಜಿ.; ಅದು ಒಡೆದರೆ ಚೂರು ನೇರವಾಗಿ ಚಿನ್ನದ ರೇಕಿನ ಕೆಲಸದ ಮೇಲೆ ಉಜ್ಜುತ್ತದೆ. ತೆಗೆಯಲು ಆಗುವುದೇ ಇಲ್ಲವೆಂದರೆ ಗಾಜಿನ ಮೇಲೆ ಮಾಸ್ಕಿಂಗ್ ಟೇಪನ್ನು ಅಡ್ಡಡ್ಡ ಉದ್ದುದ್ದ ಅಂಟಿಸಿ. ಇದರಿಂದ ಗಾಜಿಗೆ ಬಲವೇನೂ ಬರುವುದಿಲ್ಲ, ಒಡೆದ ಚೂರು ಉದುರದೆ ನಿಲ್ಲುತ್ತದೆ. ಗಾಜಿಲ್ಲದ ಚಿತ್ರಕ್ಕೆ ಬಬಲ್ ರ್‍ಯಾಪ್ ನೇರವಾಗಿ ತಾಗಬಾರದು; ಬಿಸಿಲಿಗೆ ಗುಳ್ಳೆಯ ಅಚ್ಚು ಬಣ್ಣದ ಮೇಲೆ ಕೂರುತ್ತದೆ. ಚೌಕಟ್ಟಿನ ಅಂಚಿಗೆ ಫೋಮ್ ಪಟ್ಟಿ ಕೊಟ್ಟು, ಅದರ ಮೇಲೆ ತೆಳು ಪ್ಲೈ ಮುಚ್ಚಿ, ಚಿತ್ರದ ಮುಖಕ್ಕೆ ಏನೂ ಮುಟ್ಟದಂತೆ ಜಾಗ ಬಿಡಿ. ಆಮೇಲೆ ಪ್ಲಾಸ್ಟಿಕ್ ಹೊದಿಕೆ, ನಾಲ್ಕು ಮೂಲೆಗೆ ರಟ್ಟಿನ ಕಾರ್ನರ್, ಸುತ್ತ 5 ಸೆಂ.ಮೀ. ಇಪಿಇ ಫೋಮ್ (ಅದುಮಿದರೂ ಮತ್ತೆ ಉಬ್ಬುವ ಪ್ಲಾಸ್ಟಿಕ್ ಫೋಮ್). ಥರ್ಮೊಕೋಲ್ ಒಮ್ಮೆ ಅದುಮಿದರೆ ಮತ್ತೆ ಉಬ್ಬುವುದಿಲ್ಲ. ಮೊದಲ ಏಟಿಗೆ ಸರಿ, ಎರಡನೆಯದಕ್ಕೆ ಅಲ್ಲಿ ಬರೀ ಸಂದು.

ಕ್ರೇಟಿಗೆ 9 ಮಿ.ಮೀ. ಪ್ಲೈ, 8 × 4 ಅಡಿಯದು ಎರಡು ಹಾಳೆ, ಅಂಚಿಗೆ ಒಂದಿಂಚಿನ ಪೈನ್ ರೀಪರ್ (ಮರದ ಪಟ್ಟಿ). ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಅಳತೆಗೆ ಕತ್ತರಿಸಿ ಕೊಡುತ್ತಾರೆ. ಮೊಳೆ ಹೊಡೆಯಬೇಡಿ. ಸುತ್ತಿಗೆಯ ಅದುರಿಗೇ ಚಿತ್ರದ ಗೆಸ್ಸೊ (ಚಿನ್ನದ ರೇಕಿನ ಕೆಳಗಿನ ಉಬ್ಬು ಲೇಪ) ಬಿರುಕು ಬಿಡಬಹುದು. ಎಲ್ಲ ಸ್ಕ್ರೂ ಇರಲಿ. ಹತ್ತು ಹೆಚ್ಚುವರಿ ಸ್ಕ್ರೂಗಳನ್ನು ಪೊಟ್ಟಣ ಕಟ್ಟಿ ಒಳಗಡೆ ಅಂಟಿಸಿ. 23 ಸೆಂ.ಮೀ. ದಪ್ಪದ ಎತ್ತರದ ಪೆಟ್ಟಿಗೆ ತಾನಾಗಿ ನಿಲ್ಲದು, ನಿಲ್ಲದ್ದನ್ನು ಹಮಾಲರು ಮಲಗಿಸುತ್ತಾರೆ, ಅದು ಅವರ ತಪ್ಪಲ್ಲ. ಕೆಳಗೆ 45 ಸೆಂ.ಮೀ. ಅಗಲದ ಎರಡು ಅಡ್ಡ ಕಾಲು ಸ್ಕ್ರೂ ಮಾಡಿ. ಅಳತೆ ಹಿಡಿದ ಮೇಲೆ ಹಾಕಿದರೆ ಸಾಕು ಎಂಬ ಜಾಣತನ ಬೇಡ, ಕೌಂಟರಿನಲ್ಲಿ ಕಾಲನ್ನೂ ಸೇರಿಸಿ ಅಳೆದರೆ ಘನ ಅಡಿ ಏರುತ್ತದೆ, ಮೊದಲೇ ಮಾತಾಡಿಕೊಳ್ಳಿ. ತಲೆಯ ಮೇಲೆ ಮನೆಯ ಮಾಡಿನಂತೆ ಇಳಿಜಾರು ಹಲಗೆ ಕೂರಿಸಿದರೆ ಅದರ ಮೇಲೆ ಯಾರೂ ಏನೂ ಪೇರಿಸಲಾರರು. ಒಂಟಿ ಆಳು ಎತ್ತುವ 15 ಕೆ.ಜಿ. ಡಬ್ಬವನ್ನು ಎಸೆಯುತ್ತಾರೆ, 45 ಕೆ.ಜಿ.ಯನ್ನು ಇಬ್ಬರು ಹಿಡಿದು ನಡೆಯುತ್ತಾರೆ. ತೂಕ ತುಸು ಹೆಚ್ಚಾದರೆ ಬೇಸರಿಸಬೇಡಿ. "ಗಾಜು" ಎಂದು ಕನ್ನಡದಲ್ಲಿ ಬರೆದರೆ ಇಲ್ಲಿಗಾಯಿತು. ಉತ್ತರದ ಊರಿಗೆ ಹಿಂದಿಯಲ್ಲೂ ಬರೆಸಿ, ಜೊತೆಗೆ ಲೋಟದ ಗುರುತು, ಮೇಲ್ಮುಖ ಬಾಣ ನಾಲ್ಕೂ ಬದಿಗೆ.

ವೀಣೆಯದು ಬೇರೆಯೇ ಕಥೆ. ಮೆಟ್ಟುಗಳು (ತಂತಿಯ ಕೆಳಗಿನ ಲೋಹದ ಅಡ್ಡಪಟ್ಟಿಗಳು) ಕೂತಿರುವುದು ಮೇಣದ ಮೇಲೆ. ಏಪ್ರಿಲ್‌ನಲ್ಲಿ ಮುಚ್ಚಿದ ಕಂಟೇನರ್ ಲಾರಿ ಬಿಸಿಲಲ್ಲಿ ನಿಂತರೆ ಆ ಮೇಣ ಮೆತ್ತಗಾಗಿ ಮೆಟ್ಟು ಜರುಗುತ್ತದೆ. ಹೊರಗೆ ಗೀರೂ ಇಲ್ಲದೆ ವೀಣೆ ಹಾಳು, ಮತ್ತೆ ಮೇಳ ಕಟ್ಟಿಸಬೇಕು, ಅಂದರೆ ಮೆಟ್ಟುಗಳನ್ನು ಸ್ವರಕ್ಕೆ ಸರಿಯಾಗಿ ಕೂರಿಸಬೇಕು. ಬೇಸಿಗೆಯಲ್ಲಿ ರಾತ್ರಿ ಬಸ್ಸು ಬಿಟ್ಟು ಬೇರೆ ಬೇಡ. ಬುರುಡೆಯನ್ನು ತಿರುಪಿ ಬಿಚ್ಚಿ ಬೇರೆ ಡಬ್ಬದಲ್ಲಿಡಿ. ತಂತಿಗಳ ಬಿಗಿಯನ್ನು ಬಿರಡೆ ತಿರುಗಿಸಿ ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ತಂತಿಗಳನ್ನು ಹೊರುವ ಕುದುರೆಯ ಸುತ್ತ ಹತ್ತಿ ಬಟ್ಟೆ ಒತ್ತಿ, ತಂತಿ ಮತ್ತು ಮೆಟ್ಟಿನ ನಡುವೆ ಒಂದು ಮಡಿಕೆ ಬಟ್ಟೆ ಹಾಯಿಸಿ. ಪೆಟ್ಟಿಗೆಯೊಳಗೆ ವೀಣೆಯ ಭಾರ ಅದರ ಕೊಡದ (ದುಂಡನೆಯ ದೊಡ್ಡ ಭಾಗದ) ಮೇಲೆ ಕೂರಲಿ, ಉದ್ದನೆಯ ದಂಡಿಯ ಮೇಲೆ ಅಲ್ಲ.

ಹೂಜಿಗೆ ಹೊರಗಿನಷ್ಟೇ ಒಳಗೂ ತುಂಬಬೇಕು, ಹುಲ್ಲಾದರೂ ಸರಿ. ಬಾಯಿಯ ಅಂಚಿಗೆ ಮಾತ್ರ ಎರಡು ಪಟ್ಟು ಫೋಮ್.

ಮಾಲು ಇಳಿದಾಗ ಪಡೆಯುವವರು ಅವಸರಕ್ಕೆ ಖಾಲಿ ಸಹಿ ಹಾಕಬಾರದು. ಕ್ರೇಟ್ ಮೂಲೆ ಜಜ್ಜಿದ್ದರೆ, ಕಾಲು ಕಿತ್ತಿದ್ದರೆ ಡೆಲಿವರಿ ಚೀಟಿಯ ಮೇಲೆಯೇ "ಹೊರಪೆಟ್ಟಿಗೆಗೆ ಪೆಟ್ಟು, ತೆರೆದು ನೋಡಬೇಕು" ಎಂದು ಬರೆದು ಸಹಿ ಮಾಡಲಿ, ಗಾಡಿಯ ನಂಬರ್ ಕಾಣುವಂತೆ ಫೋಟೊ ತೆಗೆಯಲಿ. ಒಡೆದಿದ್ದರೆ ಫೋಮ್, ಪ್ಲೈ, ಚೂರು ಯಾವುದನ್ನೂ ಗುಜರಿಗೆ ಹಾಕಬಾರದು. ವಿಮೆಯ ಸರ್ವೇಯರ್ ಬಂದಾಗ ಅವರು ಮೊದಲು ಕೇಳುವುದು ಅದನ್ನೇ.