ಟ್ರಕ್‌ನ ಇಸಿಎಂ: ರಿಪೇರಿಯೋ, ಹಳೆಯದೋ, ಹೊಸದೋ?

ಆಯ್ಕೆಗೆ ಮೊದಲು ಒಂದು ಮಾತು: ಸ್ಕ್ಯಾನರ್ ನೋಡಿದ ಮಾತ್ರಕ್ಕೆ ಇಸಿಎಂ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಮಾಡ್ಯೂಲ್, ಕೆಟ್ಟಿದೆ ಎಂದುಕೊಳ್ಳಬೇಡಿ. ಎಷ್ಟೋ ಸಲ ತೊಂದರೆ ಇರುವುದು ವೈರಿಂಗ್‌ನಲ್ಲಿ. ಇಸಿಎಂನ ಕನೆಕ್ಟರ್ ಬಿಚ್ಚಿ, ವೈರಿಂಗ್ ಬದಿಯ ಪವರ್ ಮತ್ತು ಗ್ರೌಂಡ್ ಪಿನ್‌ಗಳ ನಡುವೆ ಬಲ್ಬ್ ಹಚ್ಚಿ ನೋಡಿ. ಬರೀ ಮೀಟರ್ ಹಿಡಿದರೆ, ಒಂದೇ ಎಳೆ ಉಳಿದಿರುವ ವೈರ್ ಕೂಡ ಪೂರ್ತಿ ವೋಲ್ಟೇಜ್ ತೋರಿಸಿಬಿಡುತ್ತದೆ. ಇಸಿಎಂ ಸೆನ್ಸರ್‌ಗಳಿಗೆ ಕೊಡುವ 5 ವೋಲ್ಟ್ ರೆಫರೆನ್ಸ್ ಕುಸಿದಿದ್ದರೆ ಸೆನ್ಸರ್‌ಗಳನ್ನು ಒಂದೊಂದಾಗಿ ಕಳಚಿ. ಶಾರ್ಟ್ ಆದ ಒಂದೇ ಸೆನ್ಸರ್ ಸಾಕು, ಇಡೀ ಲೈನ್ ಬೀಳಲು. ಬ್ಯಾಟರಿ ಕಳಚಿ ಕ್ಯಾನ್ ಲೈನ್‌ಗಳ (ಮಾಡ್ಯೂಲ್‌ಗಳು ಪರಸ್ಪರ ಮಾತಾಡುವ ಎರಡು ವೈರ್‌ಗಳು) ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಲೈನ್‌ನ ಎರಡು ತುದಿಗಳಲ್ಲಿರುವ ರೆಸಿಸ್ಟರ್‌ಗಳಲ್ಲಿ (ಟರ್ಮಿನೇಟರ್) ಒಂದು ಹೋಗಿದೆ, ಇಲ್ಲವೇ ವೈರ್ ತುಂಡಾಗಿದೆ.

ಇಷ್ಟೂ ಸರಿಯಿದ್ದರೆ ಮಾತ್ರ ಮಾಡ್ಯೂಲ್‌ನ ಪ್ರಶ್ನೆ.

ನನ್ನ ಮೊದಲ ಆಯ್ಕೆ ರಿಪೇರಿ. ಇಂಜೆಕ್ಟರ್ ಡ್ರೈವರ್ (ಇಂಧನ ಇಂಜೆಕ್ಟರ್‌ಗಳನ್ನು ನಡೆಸುವ ಬೋರ್ಡ್ ಮೇಲಿನ ಭಾಗ) ಸುಟ್ಟಿದ್ದರೆ ಅದನ್ನಷ್ಟೇ ಬದಲಿಸಬಹುದು. ನಿಮ್ಮ ಗಾಡಿಯ ಡೇಟಾ ಒಳಗೇ ಉಳಿಯುತ್ತದೆ. ಆದರೆ ಬೋರ್ಡ್‌ಗೆ ನೀರು ನುಗ್ಗಿ ಹಸಿರು ಕಿಲುಬು ಹಿಡಿದಿದ್ದರೆ ಆ ಆಸೆ ಬಿಡಿ.

ಬೇರೆ ಗಾಡಿಯಿಂದ ಬಿಚ್ಚಿದ ಹಳೆಯದು ಅಗ್ಗ, ನಿಜ. ಆದರೆ ಪಾರ್ಟ್ ನಂಬರ್ ಹೊಂದಿದರೂ ಅದರೊಳಗಿರುವುದು ಬೇರೆ ಎಂಜಿನ್‌ನ ಕ್ಯಾಲಿಬ್ರೇಶನ್ (ಆ ಎಂಜಿನ್‌ಗೆ ಹೊಂದಿಸಿದ ಸೆಟ್ಟಿಂಗ್), ಬೇರೆ ಇಂಜೆಕ್ಟರ್ ಕೋಡ್‌ಗಳು (ಒಂದೊಂದು ಇಂಜೆಕ್ಟರ್‌ಗೂ ಇರುವ ಪ್ರತ್ಯೇಕ ಸಂಖ್ಯೆ). ಮರುಪ್ರೋಗ್ರಾಂ ಮಾಡುವವರು ಗೊತ್ತಿಲ್ಲದಿದ್ದರೆ ಕೊಳ್ಳಲೇಬೇಡಿ.

ಹೊಸದಕ್ಕೆ ವಾರಂಟಿ ಇರುತ್ತದೆ, ಪ್ರೋಗ್ರಾಮಿಂಗ್ ಇದಕ್ಕೂ ತಪ್ಪದು. ಗಾಡಿ ನಿಂತಷ್ಟೂ ದುಡಿಮೆ ನಷ್ಟವಾಗುವವರಿಗೆ ಇದೇ ಸರಿ.

ಯಾವುದೇ ಇರಲಿ, ಪ್ರೋಗ್ರಾಂ ಮಾಡುವಾಗ ಬ್ಯಾಟರಿಗೆ ಸ್ಥಿರ ಸಪ್ಲೈ ಕೊಡಿ. ನಡುವೆ ವೋಲ್ಟೇಜ್ ಬಿದ್ದರೆ ಮಾಡ್ಯೂಲ್ ಸತ್ತೇ ಹೋಗಬಹುದು. ಮೊದಲಿನ ಇಸಿಎಂ ಅನ್ನು ಸುಟ್ಟ, ಶಾರ್ಟ್ ಆದ ಇಂಜೆಕ್ಟರ್ ಇನ್ನೂ ಅಲ್ಲೇ ಇದೆಯೇ ಎಂದು ಮಾಡ್ಯೂಲ್ ಜೋಡಿಸುವ ಮುನ್ನವೇ ಪರೀಕ್ಷಿಸಿ.