ಮಳೆಯನ್ನೂ ಮಾತು ಅಂದುಕೊಳ್ಳುವ ಗ್ಯಾಸ್ ಬುಕಿಂಗ್ ಲೈನ್

ನಮ್ಮ ಮನೆ ಉಡುಪಿಯ ಮಲ್ಪೆ ಹತ್ತಿರ. ಎರಡು ವರ್ಷದಿಂದ ಅಮ್ಮ ಗ್ಯಾಸ್ ಬುಕ್ ಮಾಡುವುದು ಫೋನಿನಲ್ಲೇ. ಅವರ ಹತ್ತಿರ ಇರುವುದು ಬಟನ್ ಫೋನ್, ಅದೇ ಸಾಕು ಅಂತಾರೆ.

ಹೂ ಕೊಯ್ದು ಬಂದು ಚಾವಡಿಯಲ್ಲಿ ಕೂರುತ್ತಾರೆ. ಕನ್ನಡಕ ಹಾಕಿಕೊಂಡು ನಂಬರ್ ಒತ್ತುತ್ತಾರೆ. ಕನ್ನಡಕ್ಕೆ 2, ಸಿಲಿಂಡರಿಗೆ 1. ಬುಕಿಂಗ್ ನಂಬರನ್ನು ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೇ ಬರೆದಿಡುತ್ತಾರೆ. ಒಂದು ನಿಮಿಷದ ಕೆಲಸ. "ಸಿಲಿಂಡರ್ ಬುಕ್ ಮಾಡಲು 1 ಒತ್ತಿ" ಅಂತ ಕೆಲಸ ಮೊದಲು, ನಂಬರ್ ಕೊನೆಗೆ ಹೇಳುತ್ತಿದ್ದರು. ಕೊನೆಗೆ ಕೇಳಿದ್ದೇ ಅಲ್ವಾ ಕಿವಿಯಲ್ಲಿ ಉಳಿಯುವುದು? ನಂಬರ್ ಮೊದಲು ಹೇಳಿದರೆ ವಾಕ್ಯ ಮುಗಿಯುವಷ್ಟರಲ್ಲಿ ಮರೆತುಹೋಗಿರುತ್ತದೆ.

ಹೋದ ವರ್ಷ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟಿನ ಜೋರು ಮಳೆಯ ಹೊತ್ತು) ಇದನ್ನು ಬದಲಾಯಿಸಿದರು. ಈಗ "ನಿಮಗೇನು ಬೇಕು, ಹೇಳಿ" ಅನ್ನುತ್ತದೆ. ನಮ್ಮ ಚಾವಡಿಗೆ ತಗಡಿನ ಶೀಟು. ಮಳೆ ಹೊಡೆಯಲು ಶುರುವಾದರೆ ಪಕ್ಕದಲ್ಲಿ ಕೂತವರ ಮಾತೇ ಕೇಳಿಸುವುದಿಲ್ಲ. ನಾವು ಮಾತಾಡಿದ ಕೂಡಲೇ ಆ ದನಿ ನಿಲ್ಲುವಂತೆ ಮಾಡಿದ್ದಾರೆ, ಅದು ಒಳ್ಳೆಯದೇ. ಆದರೆ ಮಳೆಯ ಸದ್ದಿಗೂ ನಿಲ್ಲುತ್ತದೆ. "ನಿಮಗೇ..." ಅಂತ ಅರ್ಧಕ್ಕೆ ನಿಂತು "ಕ್ಷಮಿಸಿ, ಅರ್ಥವಾಗಲಿಲ್ಲ" ಅನ್ನುತ್ತದೆ. ಅಮ್ಮ ಇನ್ನೂ ಬಾಯಿ ತೆರೆದಿರುವುದಿಲ್ಲ!

ಮಳೆ ಇಲ್ಲದ ದಿನವೂ ಸುಲಭ ಇಲ್ಲ. ಸಾಧಾರಣ ಫೋನ್ ಲೈನಿನಲ್ಲಿ ದಾಟುವುದು ಸುಮಾರು 300ರಿಂದ 3400 ಹರ್ಟ್ಸ್ (ಸದ್ದು ಎಷ್ಟು ಕೀರಲು ಅನ್ನುವ ಅಳತೆ) ಒಳಗಿನ ಸದ್ದು ಮಾತ್ರ, ಅದಕ್ಕಿಂತ ಕೀರಲು ದಾಟುವುದಿಲ್ಲ. "ಸ", "ಶ" ತರದ ಅಕ್ಷರಗಳ ಮೊನಚು ಅಲ್ಲೇ ಮಾಯ. "ಸರಿಯೇ?" ಅಂತ ಕೇಳಿದರೆ ಅಮ್ಮನ ಬಾಯಲ್ಲಿ ತನ್ನಷ್ಟಕ್ಕೆ ಬರುವುದು ತುಳುವಿನ "ಅಂದ್". ಅದಕ್ಕೆ ಬೇಕಾದದ್ದು "ಹೌದು" ಮಾತ್ರ. ಉಡುಪಿಯವರಿಗೆ ಫೋನ್ ಲೈನ್ ಮಾಡುವವರು "ಅಂದ್" (ಹೌದು), "ಇಜ್ಜಿ" (ಇಲ್ಲ) ಎರಡನ್ನಾದರೂ ಅದಕ್ಕೆ ಕಲಿಸಬೇಕಿತ್ತು. ಎರಡೇ ಶಬ್ದ! ಮೂರು ಸಲ ಸೋತ ಮೇಲೆ ಅಮ್ಮ ಫೋನ್ ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋದರು. ಅದು ನನಗೆ ತುಂಬಾ ಬೇಜಾರಾಯಿತು. ಅಲ್ಲಿಯವರೆಗೆ ಈ ಕೆಲಸಕ್ಕೆ ಅವರು ಯಾರನ್ನೂ ಕೇಳಿದ್ದಿಲ್ಲ.

ದೀಪಾವಳಿ ಹೊತ್ತಿಗೆ ಒಂದು ದಿನ ಅಮ್ಮ ಹಳೆ ಅಭ್ಯಾಸದಲ್ಲಿ ಸುಮ್ನೆ 2, 1 ಒತ್ತಿದರು. ಬುಕ್ ಆಯಿತು! ಬಟನ್ ದಾರಿಯನ್ನು ತೆಗೆದೇ ಇರಲಿಲ್ಲ, ಯಾರಿಗೂ ಹೇಳಿರಲಿಲ್ಲ ಅಷ್ಟೇ. ಮೊಬೈಲಿನಲ್ಲಿ ಒತ್ತಿದ ಬಟನ್ ಮೈಕ್ ಮೂಲಕ ಹೋಗುವುದಿಲ್ಲ, ಹಾಗಾಗಿ ಎಷ್ಟೇ ಮಳೆ ಬಂದರೂ ಅದಕ್ಕೆ ತೊಂದರೆ ಇಲ್ಲ. ಈ ಜೂನಿನಿಂದ ಒಂದು ಸಲವೂ ತಪ್ಪಿಲ್ಲ. ಕ್ಯಾಲೆಂಡರಿನಲ್ಲಿ ಮತ್ತೆ ಅಮ್ಮನದೇ ಅಕ್ಷರ.

ಐದರಲ್ಲಿ ಮೂರು ಸ್ಟಾರ್. ಮೊದಲ ಮಾತಲ್ಲೇ "ಬಟನ್ ಕೂಡ ಒತ್ತಬಹುದು" ಅಂತ ಸೇರಿಸಿದ ದಿನ ನಾಲ್ಕು ಮಾಡುತ್ತೇನೆ.