ಒಂದೇ ಹಾಡು, ನಾಲ್ಕು ಪುಸ್ತಕ: ಬೀಟಲ್ಸ್ ಕಲಿಯಲು ಯಾವುದು ಒಳ್ಳೆಯದು?

ನಮ್ಮ ಮನೆಯ ಕೀಬೋರ್ಡ್ ಪಕ್ಕದ ಸ್ಟೂಲಿನ ಮೇಲೆ ನಾಲ್ಕು ಪುಸ್ತಕಗಳಿವೆ. ನಾಲ್ಕೂ ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡುಗಳದ್ದೇ. ‘ಲೆಟ್ ಇಟ್ ಬಿ’ ನಾಲ್ಕರಲ್ಲೂ ಇದೆ, ‘ಯೆಸ್ಟರ್‌ಡೇ’ ನಾಲ್ಕರಲ್ಲೂ ಇದೆ. ಆದರೆ ಒಂದರಲ್ಲಿದ್ದ ಹಾಗೆ ಇನ್ನೊಂದರಲ್ಲಿಲ್ಲ. ಒಂದರಲ್ಲಿ ಶ್ರುತಿಯೇ ಬೇರೆ. ಒಂದರಲ್ಲಿ ಬೆರಳು ಇಡುವ ಜಾಗ ಬೇರೆ. ಇನ್ನೊಂದರಲ್ಲಿ ಸ್ವರಗಳೇ ಇಲ್ಲ, ಸಾಹಿತ್ಯದ ಮೇಲೆ ಒಟ್ಟಿಗೆ ನುಡಿಸುವ ಸ್ವರಗುಂಪುಗಳ, ಅಂದರೆ ಕಾರ್ಡ್‌ಗಳ ಹೆಸರು ಮಾತ್ರ.

ಮಗಳಿಗೆ ಈಗ 12 ವರ್ಷ. ಕೀಬೋರ್ಡ್ ಕ್ಲಾಸಿಗೆ ಹೋಗಿ ಐದು ಗೆರೆಗಳ ಮೇಲೆ ಸ್ವರ ಬರೆಯುವ ಸ್ಟಾಫ್ ನೊಟೇಶನ್ ಓದುವುದನ್ನು ಕಲಿತಿದ್ದಾಳೆ. ನಾನು ಚಿಕ್ಕಂದಿನಲ್ಲಿ ಹಾರ್ಮೋನಿಯಂ ಮುಂದೆ ಕೂತು ಭಾವಗೀತೆ ಕಲಿತವಳು. ಆಗ ನಮಗೆ ಪುಸ್ತಕ ಅಂತ ಇರಲಿಲ್ಲ. ಮೇಡಂ ಹಾಡಿದ್ದನ್ನು ನೋಟ್‌ಬುಕ್ಕಿನಲ್ಲಿ ಸರಿಗಮ ಮಾಡಿ ಬರೆದುಕೊಳ್ಳುತ್ತಿದ್ದೆವು. ಗಿಟಾರ್ ನನ್ನ ಅಣ್ಣನದು. ಅವನು ಕೆಲಸಕ್ಕೆ ಪುಣೆಗೆ ಹೋಗುವಾಗ ನಮ್ಮ ಮನೆಯಲ್ಲಿ ಬಿಟ್ಟು ಹೋದ. ಎರಡು ವರ್ಷದಿಂದ ನಾನು ಗಿಟಾರು, ಅವಳು ಕೀಬೋರ್ಡು ಹಿಡಿದು ಈ ಪುಸ್ತಕಗಳಿಂದ ಕಲಿಯುತ್ತಿದ್ದೇವೆ. ಪುಸ್ತಕ ಕೊಳ್ಳುವ ಮುಂಚೆ ಯಾರಾದರೂ ಇದನ್ನೆಲ್ಲ ಹೇಳಿದ್ದರೆ ಎಷ್ಟೋ ಸಂಜೆಗಳು ಉಳಿಯುತ್ತಿದ್ದವು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ತರಿಸಿದ್ದು ಈಸಿ ಪಿಯಾನೋ ಪುಸ್ತಕ. ನಿಜ ಹೇಳಬೇಕೆಂದರೆ ನಮಗೆ ಬೇಕಿದ್ದದ್ದು ಅದಲ್ಲ. ಆನ್‌ಲೈನಿನಲ್ಲಿ ಮುಖಪುಟದ ಫೋಟೋ ನೋಡಿ ಆರ್ಡರ್ ಮಾಡಿದೆ. ಮೂಲೆಯಲ್ಲಿ ಸಣ್ಣಕ್ಷರದಲ್ಲಿದ್ದ ‘ಈಸಿ’ ಕಣ್ಣಿಗೆ ಬೀಳಲಿಲ್ಲ. ಮಗಳು ಎರಡೇ ದಿನದಲ್ಲಿ ‘ಯೆಸ್ಟರ್‌ಡೇ’ ನುಡಿಸಿದಳು, ನನಗೂ ಖುಷಿಯಾಯಿತು. ಆಮೇಲೆ ಮೂಲ ಹಾಡು ಹಾಕಿ ಅದರ ಜೊತೆ ನುಡಿಸಲು ಹೊರಟಳು. ಒಂದಕ್ಕೊಂದು ಸೇರಲೇ ಇಲ್ಲ. “ಅಮ್ಮಾ, ನಾನು ಸರಿಯಾಗೇ ಒತ್ತುತ್ತಾ ಇದ್ದೀನಿ, ಹಾಡೇ ಬೇರೆ ಕಡೆ ಇದೆ” ಅಂದಳು. ಅವಳು ಹೇಳಿದ್ದು ಸರಿಯೇ ಇತ್ತು. ಮೂಲ ಹಾಡು ಎಫ್‌ನಲ್ಲಿದೆ, ನಮ್ಮ ಭಾಷೆಯಲ್ಲಿ ಬಿಳಿ ನಾಲ್ಕು. ಪುಸ್ತಕದವರು ಮಕ್ಕಳಿಗೆ ಕಪ್ಪು ಮನೆಗಳ ತೊಂದರೆ ಬೇಡ ಎಂದು ಅದನ್ನು ಸಿಗೆ, ಅಂದರೆ ಬಿಳಿ ಒಂದಕ್ಕೆ, ತಂದಿದ್ದರು. ಕೀಬೋರ್ಡಿನಲ್ಲಿ ಶ್ರುತಿ ಏರಿಳಿಸುವ ಟ್ರಾನ್ಸ್‌ಪೋಸ್ ಬಟನ್ನನ್ನು ಐದು ಸಲ ಮೇಲಕ್ಕೆ ಒತ್ತಿದ ಮೇಲೆ ಎರಡೂ ಸೇರಿದವು. ಶುರುವಿಗೆ ಈ ಪುಸ್ತಕ ಒಳ್ಳೆಯದು. ಆರು ತಿಂಗಳಲ್ಲಿ ಅವಳಿಗೆ ಇದು ಚಿಕ್ಕದಾಯಿತು.

ಎರಡನೆಯದು ಅಂಗಡಿಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಸಿಗುವ ಬಗೆ: ಪಿಯಾನೋ, ವೋಕಲ್, ಗಿಟಾರ್ ಮೂರೂ ಸೇರಿದ ಪುಸ್ತಕ. ಮೇಲಿನ ಸಾಲಿನಲ್ಲಿ ಹಾಡುವ ಸ್ವರ ಮತ್ತು ಸಾಹಿತ್ಯ, ಅದರ ತಲೆಯ ಮೇಲೆ ಗಿಟಾರ್ ಕಾರ್ಡಿನ ಪುಟ್ಟ ಚೌಕಗಳು, ಕೆಳಗೆ ಪಿಯಾನೋದ ಎರಡು ಕೈಗಳು. ಒಂದೇ ಪುಟದಲ್ಲಿ ಮೂವರಿಗೂ ಊಟ ಬಡಿಸಿದ ಹಾಗೆ ಕಾಣುತ್ತದೆ. ಇದೊಂದಿದ್ದರೆ ಸಾಕು ಎಂದುಕೊಂಡೇ ನಾನೂ ಕೊಂಡೆ.

‘ಲೆಟ್ ಇಟ್ ಬಿ’ಗೆ ಇದು ಮುಕ್ಕಾಲು ಪಾಲು ಸಾಕು. ಆ ಹಾಡು ಹುಟ್ಟಿದ್ದೇ ಪಿಯಾನೋ ಮೇಲೆ. ಸಿ, ಜಿ, ಎ ಮೈನರ್, ಎಫ್. ಈ ನಾಲ್ಕು ಕಾರ್ಡ್ ಬಂದರೆ ಹಾಡಿನ ಬಹುಪಾಲು ಬಂದ ಹಾಗೆ. ಸಾಲಿನ ಕೊನೆಯಲ್ಲಿ ಎಡಗೈ ಎಫ್‌ನಿಂದ ಸಿವರೆಗೆ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಬಿಳಿ ಒಂದನ್ನು ಷಡ್ಜ ಮಾಡಿಕೊಂಡರೆ ಅದು ಮ ಗ ರಿ ಸ. ಆ ಇಳಿತದಲ್ಲೇ ಹಾಡಿನ ಸಮಾಧಾನವೆಲ್ಲ ಇದೆ. ಈ ಪುಸ್ತಕದಲ್ಲಿ ನಾಲ್ಕೂ ಮೆಟ್ಟಿಲುಗಳನ್ನು ಬಿಡಿಬಿಡಿಯಾಗಿ ಬರೆದಿದ್ದಾರೆ. ಕಾರ್ಡ್ ಪುಸ್ತಕದಲ್ಲಿ ಅದೇ ಜಾಗದಲ್ಲಿ ಎಫ್, ಸಿ ಎಂದು ಎರಡೇ ಇವೆ. ಹಾಗೆ ನುಡಿಸಿದರೆ ಮೆಟ್ಟಿಲು ಬಿಟ್ಟು ನೆಗೆದ ಹಾಗೆ ಕೇಳಿಸುತ್ತದೆ.

ಉಳಿದ ಕಾಲು ಪಾಲಿನಲ್ಲಿ ಏನು ತೊಂದರೆ ಅಂದರೆ, ಈ ಬಗೆಯ ಪುಸ್ತಕದಲ್ಲಿ ಬಲಗೈ ಸಾಮಾನ್ಯವಾಗಿ ಹಾಡುವವರ ಸ್ವರವನ್ನೇ ನುಡಿಸುತ್ತದೆ. ಹಾಡುವವರಿಲ್ಲದೆ ಒಬ್ಬರೇ ನುಡಿಸಿದರೂ ಹಾಡು ಗುರುತು ಸಿಗಲಿ ಎಂದು ಹಾಗೆ ಮಾಡುತ್ತಾರೆ. ಆದರೆ ಜೊತೆಗೆ ನಾವೂ ಹಾಡಿದರೆ ಗಂಟಲು, ಬಲಗೈ ಎರಡೂ ಒಂದೇ ದಾರಿಯಲ್ಲಿ ನಡೆಯುತ್ತವೆ. ಸ್ವಲ್ಪ ಉಸಿರು ಎಳೆದು, ಸ್ವಲ್ಪ ಬಿಟ್ಟು ಹಾಡಲು ಆಗುವುದಿಲ್ಲ. ರೆಕಾರ್ಡಿನಲ್ಲಿ ಇದನ್ನು ಹಾಡಿ ನುಡಿಸಿರುವ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಹಾಗೆ ನುಡಿಸುವುದಿಲ್ಲ. ಬಲಗೈ ಕಾರ್ಡುಗಳನ್ನು ಇಡಿಯಾಗಿ ಒತ್ತುತ್ತಾ ಹೋಗುತ್ತದೆ, ಹಾಡು ಅದರ ಮೇಲೆ ಆರಾಮಾಗಿ ಕೂರುತ್ತದೆ. ಮಗಳು ಈಗ ಎಡಗೈಯನ್ನು ಈ ಪುಸ್ತಕದಿಂದ ತೆಗೆದುಕೊಂಡಿದ್ದಾಳೆ. ಬಲಗೈಗೆ ಮೇಲಿರುವ ಕಾರ್ಡ್ ಹೆಸರು ನೋಡಿ ಇಡೀ ಕಾರ್ಡ್ ಒತ್ತುತ್ತಾಳೆ. ಒಮ್ಮೆ ಮಾಡಿ ನೋಡಿ, ಎಷ್ಟು ಹತ್ತಿರ ಬರುತ್ತದೆ ಅಂತ ಗೊತ್ತಾಗುತ್ತದೆ.

ಈಗ ಇದೇ ಪುಸ್ತಕವನ್ನು ಗಿಟಾರಿಗೆ ಇಟ್ಟುಕೊಂಡು ‘ಯೆಸ್ಟರ್‌ಡೇ’ ತೆಗೆಯೋಣ. ನಾನು ತುಂಬಾ ಒದ್ದಾಡಿದ ಹಾಡು ಇದು. ಪುಟದ ಮೇಲಿನ ಚೌಕಗಳು ಹೇಳುವುದು: ಎಫ್, ಇ ಮೈನರ್ ಸೆವೆನ್, ಎ ಸೆವೆನ್, ಡಿ ಮೈನರ್, ಆಮೇಲೆ ಬಿ ಫ್ಲ್ಯಾಟ್. ಮೊದಲ ಕಾರ್ಡೇ ಎಫ್. ತೋರುಬೆರಳನ್ನು ಅಡ್ಡ ಮಲಗಿಸಿ ಆರೂ ತಂತಿಗಳನ್ನು ಒತ್ತಬೇಕು. ಬಿ ಫ್ಲ್ಯಾಟೂ ಅದೇ ಕಥೆ. ಒಂದು ತಿಂಗಳು ಬೆರಳು ನೋಯಿಸಿಕೊಂಡೆ. ಸ್ವರ ತಪ್ಪಿರಲಿಲ್ಲ, ಆದರೂ ಆ ಹಾಡಿನ ತುಂಬಿದ ನಾದ ಬರಲೇ ಇಲ್ಲ. ನನ್ನ ಕೈಯದ್ದೇ ದೋಷ ಎಂದುಕೊಂಡಿದ್ದೆ.

ಮೂರನೆಯದಾಗಿ ಟ್ಯಾಬ್ ಪುಸ್ತಕ, ಅಂದರೆ ಗಿಟಾರಿನ ಯಾವ ತಂತಿಯನ್ನು ಎಲ್ಲಿ ಒತ್ತಬೇಕು ಎಂದು ಅಂಕಿಗಳಲ್ಲಿ ತೋರಿಸುವ ಪುಸ್ತಕ, ಬಂದ ಮೇಲೆ ವಿಷಯ ಗೊತ್ತಾಯಿತು. ಹಾಡಿನ ಮೊದಲ ಸಾಲಿನ ಮೇಲೇ ಬರೆದಿದ್ದರು: ಎಲ್ಲ ತಂತಿಗಳನ್ನೂ ಒಂದು ಪೂರ್ಣ ಸ್ವರ ಇಳಿಸಿ. 1965ರ ಜೂನ್ 14ರಂದು ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಪಾಲ್ ಇದನ್ನು ನುಡಿಸಿದಾಗ ಗಿಟಾರನ್ನು ಹಾಗೆ ಇಳಿಸಿಕೊಂಡಿದ್ದರು. ಅವರ ಕೈ ಹಿಡಿದಿದ್ದು ಜಿ ಕಾರ್ಡನ್ನು, ಕೇಳಿಸಿದ್ದು ಎಫ್. ನಾನೂ ತಂತಿಗಳನ್ನು ಇಳಿಸಿದೆ. ದಪ್ಪ ತಂತಿ ಇಯಿಂದ ಡಿಗೆ ಬಂತು, ಎ ಇದ್ದದ್ದು ಜಿಗೆ ಬಂತು, ಹೀಗೆ ಆರೂ. ಜಿ ಹಿಡಿದು ಒಮ್ಮೆ ಮೀಟಿದೆ. ಏನೂ ಒತ್ತದೆ ಬಿಟ್ಟ ತಂತಿಗಳೂ ಜೊತೆಗೆ ಮೊಳಗಿದವು. ಸಡಿಲವಾದ ದಪ್ಪ ತಂತಿಯ ನಡುಕ ಹೊಟ್ಟೆಗೆ ತಾಗಿತು. ಒಂದು ತಿಂಗಳು ಹುಡುಕಿದ ನಾದ ಅದೇ.

ಅಂದರೆ ಮೂರೂ ಸೇರಿದ ಪುಸ್ತಕದ ಚೌಕಗಳು ಸುಳ್ಳು ಹೇಳಿರಲಿಲ್ಲ. ಎಫ್ ಕೇಳಿಸುತ್ತದೆ, ಹಾಗಾಗಿ ಎಫ್ ಎಂದು ಬರೆದಿದ್ದಾರೆ. ಆದರೆ ಅದನ್ನು ಬರೆದದ್ದು ಗಿಟಾರ್ ಹಿಡಿದ ಕೈಯನ್ನು ನೋಡಿ ಅಲ್ಲ. ಅಂದಿನಿಂದ ಯಾವ ಪುಸ್ತಕ ನೋಡಿದರೂ ನಾನು ಕೇಳಿಕೊಳ್ಳುವುದು ಒಂದೇ: ಇದನ್ನು ಯಾರ ಕೈ ನೋಡಿ ಬರೆದಿದ್ದಾರೆ?

ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಅವರ 1969ರ ‘ಹಿಯರ್ ಕಮ್ಸ್ ದ ಸನ್’ ನೋಡಿ. ಮೂರೂ ಸೇರಿದ ಪುಸ್ತಕದಲ್ಲಿ ಎ, ಡಿ, ಇ ಸೆವೆನ್ ಎಂದಿದೆ. ಟ್ಯಾಬ್ ಪುಸ್ತಕದಲ್ಲಿ ಏಳನೇ ಫ್ರೆಟ್ಟಿಗೆ (ಗಿಟಾರಿನ ಕತ್ತಿನ ಅಡ್ಡಪಟ್ಟಿಗೆ) ಕ್ಯಾಪೋ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್, ಹಾಕಿ ಡಿ ಹಿಡಿಯಿರಿ ಎಂದಿದೆ. ಶ್ರುತಿ ಎರಡರಲ್ಲೂ ಒಂದೇ. ಆದರೆ ಆ ಮಿನುಗುವ ಸಣ್ಣ ದನಿ ಕ್ಯಾಪೋ ಇಲ್ಲದೆ ಬರುವುದಿಲ್ಲ. ಕ್ಯಾಪೋ ದುಬಾರಿಯೇನಲ್ಲ, ಗಿಟಾರ್ ಇರುವವರು ತೆಗೆದುಕೊಳ್ಳಲೇಬೇಕು.

ಇದೇ ಹಾಡಿನ ಮಧ್ಯೆ ತಾಳ ಬದಲಾಗುವ ಜಾಗ ಇದೆ. ಪುಟದಲ್ಲಿ 11/8, 4/4, 7/8 ಎಂದು ಒಂದರ ಹಿಂದೆ ಒಂದು ಬರುತ್ತವೆ. ಮಗಳು ಅಲ್ಲಿ ಎಣಿಸಲಾಗದೆ ನಿಂತುಬಿಟ್ಟಳು. ಜಾರ್ಜ್ ಅವರು 1966ರಿಂದ ರವಿಶಂಕರ್ ಅವರ ಹತ್ತಿರ ಸಿತಾರ್ ಕಲಿತವರು ಎಂದು ನೆನಪಾಗಿ, ಎಣಿಸುವುದನ್ನು ಬಿಟ್ಟು ತಕಿಟ ತಕಿಟ ಎಂದು ಹೇಳಿಕೋ ಅಂದೆ. ಅಲ್ಲಿ ಒಂದೇ ಪದ ಮೂರು ಸಲ ಬರುತ್ತದೆ, ಪ್ರತಿ ಸಲಕ್ಕೂ ಒಂದು ತಕಿಟ. ಮೂರು ದಿನದ ಕಗ್ಗಂಟು ಅರ್ಧ ಗಂಟೆಯಲ್ಲಿ ಬಿಡಿಸಿಕೊಂಡಿತು. ನಮ್ಮ ಸಂಗೀತದ ಪಾಠ ಸ್ವಲ್ಪವಾದರೂ ಆಗಿದ್ದವರಿಗೆ ಇಂಥ ಕಡೆ ಪುಸ್ತಕಕ್ಕಿಂತ ಬಾಯಿಯೇ ಬೇಗ ಕಲಿಸುತ್ತದೆ.

ಟ್ಯಾಬ್ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಆರು ಗೆರೆ ಅಂದರೆ ಆರು ತಂತಿ, ಗೆರೆಯ ಮೇಲಿನ ಅಂಕಿ ಅಂದರೆ ಫ್ರೆಟ್. ಸ್ಟಾಫ್ ನೊಟೇಶನ್ ಬಾರದ ನನ್ನಂಥವರಿಗೆ ಇದು ವರ. ‘ಬ್ಲ್ಯಾಕ್‌ಬರ್ಡ್’ ಶುರುವಿನಲ್ಲಿ ದಪ್ಪ ತಂತಿಯ ಮೇಲೆ 3, ತೆಳ್ಳಗಿನ ಕಡೆಯಿಂದ ಎಣಿಸಿದರೆ ಎರಡನೇ ತಂತಿಯ ಮೇಲೆ 0. ಆಮೇಲೆ ದಪ್ಪ ಸ್ವರ ಐದನೇ ತಂತಿಗೆ ಬರುತ್ತದೆ: ಅಲ್ಲಿ 0, ಎರಡನೆಯದರಲ್ಲಿ 1. ನಂತರ 2 ಮತ್ತು 3. ಅಲ್ಲಿಂದ ಒಮ್ಮೆಗೇ ಮೇಲಕ್ಕೆ ಜಾರಿ 10 ಮತ್ತು 12. ನಡುವಿನ ಮೂರನೇ ತಂತಿಯನ್ನು ಒತ್ತುವುದೇ ಇಲ್ಲ. ಕೈ ಎಲ್ಲಿಗೆ ಹೋದರೂ ಅದು ತಂಬೂರಿಯ ಹಾಗೆ ಜಿ ಎಂದು ಮೊಳಗುತ್ತಲೇ ಇರುತ್ತದೆ. ಪುಟದ ಮೇಲೆ ಕಣ್ಣಾಡಿಸಿದರೆ ಎರಡು ಬೆರಳು ಜೊತೆಜೊತೆಯಾಗಿ ನಡೆಯುವುದು ಕಾಣಿಸುತ್ತದೆ. ಪಿಯಾನೋ ಪುಸ್ತಕದಲ್ಲಿ ಈ ಹಾಡಿನ ಸ್ವರಗಳೆಲ್ಲ ಸರಿಯಾಗಿವೆ, ಮಗಳು ಚೆನ್ನಾಗಿ ನುಡಿಸುತ್ತಾಳೆ ಕೂಡ. ಆದರೆ ಮೊಳಗುತ್ತಲೇ ಇರುವ ಆ ಒಂದು ತಂತಿ ಪಿಯಾನೋದಲ್ಲಿಲ್ಲ. ಇದು ಗಿಟಾರಿನದೇ ಹಾಡು.

ಟ್ಯಾಬ್‌ನಲ್ಲಿ ಕೊರತೆಯೂ ಇದೆ. ಯಾವ ಬೆರಳು ಎಂದು ಎಲ್ಲ ಕಡೆ ಹೇಳುವುದಿಲ್ಲ. ಬರೀ ಅಂಕಿ ನೋಡಿ ಕಲಿತರೆ ಯಾವ ಸ್ವರ ನುಡಿಸುತ್ತಿದ್ದೇವೆ ಎಂದೇ ತಿಳಿಯುವುದಿಲ್ಲ. ನಾನು ಪೆನ್ಸಿಲಿನಲ್ಲಿ ಅಂಕಿಗಳ ಕೆಳಗೆ ಸರಿಗಮ ಬರೆದುಕೊಳ್ಳುತ್ತೇನೆ.

ಇನ್ನು ಕಾರ್ಡ್ ಪುಸ್ತಕ. ಅದರಲ್ಲಿ ಸಾಹಿತ್ಯ, ಪದದ ಮೇಲೆ ಕಾರ್ಡ್, ಅಷ್ಟೇ. ಹಾಡು ಮೊದಲೇ ಕಿವಿಯಲ್ಲಿ ಇಲ್ಲದಿದ್ದರೆ ಇದರಿಂದ ಏನೂ ಬರುವುದಿಲ್ಲ. ಆದರೂ ಮನೆಗೆ ನೆಂಟರು ಬಂದಾಗ ಎಲ್ಲರೂ ಸೇರಿ ಹಾಡೋಣ ಅಂದರೆ ನನ್ನ ಕೈ ಹೋಗುವುದು ಇದಕ್ಕೇ. ಕಾರಣ ಶ್ರುತಿ. ನನ್ನ ಶ್ರುತಿ ಬಿಳಿ ಐದು, ಅಂದರೆ ಜಿ. ಪಾಲ್ ‘ಲೆಟ್ ಇಟ್ ಬಿ’ ಹಾಡಿರುವ ಸಿ ನನಗೆ ತಗ್ಗು. ಕಾರ್ಡ್ ಪುಸ್ತಕವಾದರೆ ಸಿ, ಜಿ, ಎ ಮೈನರ್, ಎಫ್ ಇದ್ದದ್ದನ್ನು ಜಿ, ಡಿ, ಇ ಮೈನರ್, ಸಿ ಎಂದು ಪೆನ್ಸಿಲಿನಲ್ಲಿ ಬದಲಾಯಿಸಿಕೊಂಡರೆ ಆಯಿತು, ಎಫ್ ಹಿಡಿಯುವ ಕಷ್ಟವೂ ತಪ್ಪುತ್ತದೆ. ಸ್ಟಾಫ್ ನೊಟೇಶನ್ ಆದರೆ ಇಡೀ ಪುಟವನ್ನು ಹೊಸದಾಗಿ ಬರೆಯಬೇಕು, ಇಲ್ಲವೇ ಟ್ರಾನ್ಸ್‌ಪೋಸ್ ಬಟನ್ ಒತ್ತಬೇಕು. ಹಾಡುವವರಿಗೆ ತಕ್ಕಂತೆ ಶ್ರುತಿ ಇಡುವುದು ನಮ್ಮಲ್ಲಿ ಮೊದಲಿನಿಂದ ಬಂದ ರೂಢಿ, ಅಲ್ವಾ? ಆ ಅಭ್ಯಾಸಕ್ಕೆ ಹೊಂದುವುದು ಈ ಪುಸ್ತಕ ಒಂದೇ.

ಐದನೆಯದೊಂದು ಇದೆ, ಅದು ನಮ್ಮದಲ್ಲ. ಮಗಳ ಟೀಚರ್ ಒಂದು ತಿಂಗಳ ಮಟ್ಟಿಗೆ ಕೊಟ್ಟಿದ್ದರು. ಇನ್ನೂರಕ್ಕೂ ಹೆಚ್ಚು ಹಾಡು, ಸಾವಿರಕ್ಕೂ ಹೆಚ್ಚು ಪುಟ, ಬೀಟಲ್ಸ್ ಹಾಡುಗಳ ಪೂರ್ತಿ ಸ್ಕೋರ್. ಗಿಟಾರ್, ಬೇಸ್, ಡ್ರಮ್ಸ್, ಹಾಡುವ ದನಿಗಳು, ಎಲ್ಲವೂ ಸಾಲುಸಾಲಾಗಿ. ಜಪಾನಿನ ನಾಲ್ವರು ರೆಕಾರ್ಡ್ ಕೇಳಿ ಕೇಳಿ ಬರೆದದ್ದು ಇದು. ಬೀಟಲ್ಸ್‌ನ ನಾಲ್ವರಲ್ಲಿ ಯಾರಿಗೂ ಸ್ಟಾಫ್ ನೊಟೇಶನ್ ಓದಲು, ಬರೆಯಲು ಬರುತ್ತಿರಲಿಲ್ಲ. ಅವರು ಬರೆದಿಟ್ಟ ಮೂಲ ಪ್ರತಿ ಅಂತ ಇಲ್ಲವೇ ಇಲ್ಲ. ಹಾಗಾಗಿ ನಮ್ಮ ಹತ್ತಿರ ಇರುವ ಎಲ್ಲ ಪುಸ್ತಕಗಳೂ ಯಾರೋ ಒಬ್ಬರು ಕಿವಿಗೊಟ್ಟು ಕೇಳಿ ಬರೆದವೇ. ಇದು ತಿಳಿದ ಮೇಲೆ ಪುಸ್ತಕಕ್ಕೂ ರೆಕಾರ್ಡಿಗೂ ವ್ಯತ್ಯಾಸ ಬಂದಾಗ ಕಿವಿಯನ್ನು ನಂಬುವ ಧೈರ್ಯ ನಮ್ಮಿಬ್ಬರಿಗೂ ಬಂತು. ಮನೆಯಲ್ಲಿ ಇಬ್ಬರು ನುಡಿಸುವುದಕ್ಕೆ ಆ ದೊಡ್ಡ ಪುಸ್ತಕ ಜಾಸ್ತಿಯೇ. ಅದರಿಂದ ಒಂದೇ ಒಂದು ಭಾಗವನ್ನು ಮಗಳು ಕೈಯಲ್ಲಿ ಬರೆದುಕೊಂಡಳು. ಅದೇನೆಂದು ಆಮೇಲೆ ಹೇಳುತ್ತೇನೆ.

ಒಂದೇ ಪುಸ್ತಕ ಕೊಳ್ಳಲು ದುಡ್ಡಿದ್ದರೆ ಯಾವುದು ಎಂದು ಕೇಳಿದರೆ: ಪಿಯಾನೋ ಕಲಿಯುವವರು ಮೂರೂ ಸೇರಿದ ಪುಸ್ತಕ ತೆಗೆದುಕೊಳ್ಳಿ, ಈಸಿ ಪಿಯಾನೋ ಬೇಡ. ಸ್ವಲ್ಪ ಕಷ್ಟವಾದರೂ ಮೂಲ ಶ್ರುತಿಯಲ್ಲೇ ಇರುತ್ತದೆ, ವರ್ಷಗಟ್ಟಲೆ ಬರುತ್ತದೆ. ಗಿಟಾರ್ ಕಲಿಯುವವರು ಟ್ಯಾಬ್ ತೆಗೆದುಕೊಳ್ಳಿ, ಮೂರೂ ಸೇರಿದ ಪುಸ್ತಕದ ಚೌಕಗಳನ್ನು ನೆಚ್ಚಿಕೊಳ್ಳಬೇಡಿ. ಮುಖ್ಯವಾಗಿ ಹಾಡುವವರಿಗೆ ಕಾರ್ಡ್ ಪುಸ್ತಕ ಸಾಕು. ಕೊಳ್ಳುವ ಮುಂಚೆ ಒಳಗಿನ ಒಂದು ಪುಟವನ್ನಾದರೂ ನೋಡಿ. ಇನ್ನೊಂದು ಸಣ್ಣ ವಿಷಯ. ದಪ್ಪ ಪುಸ್ತಕ ಸ್ಟ್ಯಾಂಡಿನ ಮೇಲೆ ತೆರೆದು ನಿಲ್ಲುವುದಿಲ್ಲ. ಬಟ್ಟೆ ಕ್ಲಿಪ್ ಹಾಕಿ ಸಾಕಾಗಿ, ಕೊನೆಗೆ ಜೆರಾಕ್ಸ್ ಅಂಗಡಿಯಲ್ಲಿ ಬೆನ್ನು ಕತ್ತರಿಸಿಸಿ ಸ್ಪೈರಲ್ ಹಾಕಿಸಿದೆ.

ದೀಪಾವಳಿಗೆ ಅಣ್ಣ ಬಂದಿದ್ದ. ಅವನಿಗೆ ಹೇಳದೆ ಗಿಟಾರಿನ ತಂತಿ ಇಳಿಸಿ ಇಟ್ಟುಕೊಂಡಿದ್ದೆ. ‘ಯೆಸ್ಟರ್‌ಡೇ’ ಹಾಡೋ ಅಂದೆ. ನಾನು ಜಿ ಹಿಡಿದೆ. ಹಾಡಲು ಬಾಯಿ ತೆರೆದವನು ನನ್ನ ಕೈ ನೋಡಿ ನಿಲ್ಲಿಸಿಬಿಟ್ಟ. “ಇಷ್ಟು ವರ್ಷ ನಾನು ಎಫ್ ಹಿಡಿದು ಸಾಯ್ತಿದ್ದೆನಲ್ಲೇ!” ಅಂದ. ಮತ್ತೆ ಮೊದಲಿನಿಂದ ಶುರು ಮಾಡಿದೆವು. ಆ ಹಾಡಿಗೆ ಬೀಟಲ್ಸ್ ರೆಕಾರ್ಡುಗಳ ನಿರ್ಮಾಪಕ ಜಾರ್ಜ್ ಮಾರ್ಟಿನ್ ನಾಲ್ಕು ವಾದ್ಯಗಳ ತಂತಿ ಮೇಳ ಬರೆದುಕೊಟ್ಟಿದ್ದಾರೆ: ಎರಡು ವಯಲಿನ್, ಒಂದು ವಿಯೋಲಾ, ಒಂದು ಚೆಲ್ಲೋ. ಮಗಳು ದೊಡ್ಡ ಪುಸ್ತಕದಿಂದ ಬರೆದುಕೊಂಡಿದ್ದು ಆ ಚೆಲ್ಲೋ ಸಾಲನ್ನು. ಎರಡನೇ ಚರಣಕ್ಕೆ ಅವಳು ಕೀಬೋರ್ಡಿನಲ್ಲಿ ಸ್ಟ್ರಿಂಗ್ಸ್ ಟೋನ್ ಇಟ್ಟು ಅದನ್ನು ಸೇರಿಸಿದಳು. ಅಣ್ಣ ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದ. “ಮಾಮ, ಇನ್ನೊಂದ್ಸಲ” ಎಂದು ಅವಳು, ಆಯಿತು ಎಂದು ಅವನು. ಆ ರಾತ್ರಿ ಅದೇ ಹಾಡನ್ನು ನಾಲ್ಕು ಸಲ ನುಡಿಸಿದೆವು.